ಮಧ್ಯಾಹ್ನ ಬಾಡಿದ ಗಿಡಕ್ಕೆ ನೀರು ಹಾಕಬೇಡಿ

2024ರ ಮಾರ್ಚ್‌ನಲ್ಲಿ ನಾನು ಒಂದು ಸೋರೆ ಬಳ್ಳಿಯನ್ನು ಕೊಂದೆ. ನೀರಿಲ್ಲದೆ ಅಲ್ಲ, ನೀರು ಹಾಕಿ ಹಾಕಿ. ಅದೂ ಬೆಂಗಳೂರಿನ ಜನ ಒಂದೊಂದು ಬಕೆಟ್‌ಗೂ ಲೆಕ್ಕ ಇಡುತ್ತಿದ್ದ ವರ್ಷದಲ್ಲಿ. ಈಗ ನೆನೆಸಿಕೊಂಡರೂ ನಾಚಿಕೆ ಆಗುತ್ತದೆ.

ನಮ್ಮದು ವಿಜಯನಗರದ ಕಡೆ ಎರಡನೇ ಮಹಡಿಯ ಬಾಡಿಗೆ ಮನೆ, ಅದರ ಮೇಲೆ ಟೆರೇಸ್. ಅಲ್ಲಿ ನಲವತ್ತು ಚಿಲ್ಲರೆ ಕುಂಡ, ಒಂದಷ್ಟು ಗ್ರೋ ಬ್ಯಾಗು, ಎರಡು ಹಳೇ ಡ್ರಮ್ಮು. ಸೋರೆ ಡ್ರಮ್ಮಿನಲ್ಲಿತ್ತು. ಚಪ್ಪರ ಹತ್ತಿ ಆಗಷ್ಟೇ ಹೀಚು ಬಿಡುತ್ತಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವವನು, ಹಾಗಾಗಿ ಊಟ ಆದ ಮೇಲೆ ಒಂದು ಸಲ ಮೇಲೆ ಹೋಗಿ ಗಿಡ ನೋಡುವ ಚಟ. ಒಂದು ದಿನ ಹೋದರೆ ಎಲೆಗಳೆಲ್ಲ ಒದ್ದೆ ಬಟ್ಟೆ ಹಾಗೆ ಜೋತು ಬಿದ್ದಿವೆ. ಅಯ್ಯೋ ಪಾಪ ಅಂತ ಒಂದು ಬಕೆಟ್ ಸುರಿದೆ. ಸಂಜೆ ನೋಡಿದರೆ ಎದ್ದು ನಿಂತಿದೆ! ನೋಡಿದ್ಯಾ, ನೀರು ಬೇಕಿತ್ತು ಅಂತ ಹೆಂಡತಿಗೂ ಹೇಳಿದೆ. ಮಾರನೇ ದಿನ ಮತ್ತೆ ಬಾಡಿತು, ಮತ್ತೆ ಸುರಿದೆ. ಹೀಗೇ ಹತ್ತು ದಿನ. ಹನ್ನೊಂದನೇ ದಿನ ಸಂಜೆಯೂ ಏಳಲಿಲ್ಲ. ಬುಡ ಕೆದಕಿದರೆ ಕೊಳೆತ ವಾಸನೆ, ಬೇರು ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಮೆತ್ತಗೆ ಕಿತ್ತು ಬಂತು.

ತಿಪಟೂರಿನ ಹತ್ತಿರ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಫೋನ್ ಮಾಡಿ ಹೀಗಾಯ್ತು ಅಂದೆ.

"ಬೆಳಗ್ಗೆ ಹೆಂಗಿತ್ತೋ?" ಅಂದರು.

"ಬೆಳಗ್ಗೆ ನೋಡಲಿಲ್ಲ ಅತ್ತೆ. ಮಧ್ಯಾಹ್ನ ಬಾಡಿತ್ತು."

"ಮಧ್ಯಾಹ್ನ ನಾನೂ ಬಾಡ್ತೀನಿ ಕಣೋ. ಜಗಲಿ ಮೇಲೆ ಒಂಚೂರು ಮಲಗಿದ್ರೆ ಸಂಜೆಗೆ ಸರಿಹೋಗ್ತೀನಿ. ನೀನು ಬೆಳಗ್ಗೆದು ಹೇಳು."

ಅಷ್ಟೇ ವಿಷಯ. ಸೋರೆ, ಕುಂಬಳ, ಹೀರೆ, ಬದನೆ, ಹೀಗೆ ಅಗಲ ಎಲೆಯ ಗಿಡಗಳು ಸುಡುಬಿಸಿಲಲ್ಲಿ ಎಲೆಯಿಂದ ಬಿಡುವಷ್ಟು ನೀರನ್ನು ಬೇರಿನಿಂದ ಅಷ್ಟೇ ಬೇಗ ಎಳೆದುಕೊಳ್ಳಲಾರವು, ಮಣ್ಣು ಒದ್ದೆ ಇದ್ದರೂ ಸರಿ. ಆಗ ಎಲೆ ಜೋತು ಬೀಳುತ್ತದೆ, ಮೈಮೇಲೆ ಬೀಳುವ ಬಿಸಿಲೂ ಕಡಿಮೆ ಆಗುತ್ತದೆ. ಬಿಸಿಲು ಇಳಿದ ಮೇಲೆ ತಾನಾಗಿಯೇ ಏಳುತ್ತದೆ. ಸಂಜೆ ಎದ್ದು ನಿಂತದ್ದು ನನ್ನ ಬಕೆಟ್‌ನಿಂದ ಅಲ್ಲ, ಸೂರ್ಯ ಇಳಿದದ್ದರಿಂದ. ಬೆಳಗ್ಗೆ ಆರಕ್ಕೆ ಹೋದಾಗಲೂ ಬಾಡಿದ್ದರೆ ಅದು ನಿಜವಾದ ಬಾಯಾರಿಕೆ. ಅನುಮಾನ ಇದ್ದರೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತುದಿಗೆ ತಂಪು ಸಿಕ್ಕಿತಾ? ಹಾಗಾದರೆ ಸುಮ್ನೆ ಕೆಳಗೆ ಇಳಿದು ಮಜ್ಜಿಗೆ ಕುಡಿಯಿರಿ.

ಆ ವರ್ಷದ ಬಿಸಿಲು ಹೇಗಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. 2023ರ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಆಗಿದ್ದವು. 2024ರ ಏಪ್ರಿಲ್‌ನಲ್ಲಿ ನಗರಕ್ಕೆ ಲೆಕ್ಕಕ್ಕೆ ಸಿಗುವಂಥ ಒಂದು ಹನಿಯೂ ಬೀಳಲಿಲ್ಲ. ಏಪ್ರಿಲ್ 28ಕ್ಕೆ 38.5 ಡಿಗ್ರಿ. ಅದಕ್ಕೆ ಮುಂಚೆ ಕೊನೆಯ ಸಲ ಇದಕ್ಕಿಂತ ಜಾಸ್ತಿ ಆಗಿದ್ದದ್ದು 2016ರ ಏಪ್ರಿಲ್‌ನಲ್ಲಿ, 39.2. ಕಲಬುರಗಿಯ ನನ್ನ ಗೆಳೆಯನೊಬ್ಬ ಇದನ್ನು ಕೇಳಿ "ಇದಕ್ಕ ಬಿಸಲು ಅಂತೀರೇನ್ರಿ?" ಅಂತ ನಕ್ಕ. ಅವನು ನಗಲಿ. ಹವಾಮಾನ ಇಲಾಖೆ ಕೂಡ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಅನ್ನುವುದಿಲ್ಲ. ಆದರೆ ಆ ಅಳತೆ ನೆರಳಿನ ಗಾಳಿಯದ್ದು. ಒಂದು ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯ ಥರ್ಮಾಮೀಟರನ್ನು ಪಶ್ಚಿಮಕ್ಕೆ ಮುಖ ಮಾಡಿದ್ದ ಕಪ್ಪು ಪ್ಲಾಸ್ಟಿಕ್ ಕುಂಡದ ಅಂಚಿಗೆ ಚುಚ್ಚಿ ನೋಡಿದೆ. 46 ತೋರಿಸಿತು. ಬೇರು ಇರುವುದೇ ಆ ಅಂಚಿನಲ್ಲಿ. ನೆಲದಲ್ಲಿರುವ ಗಿಡಕ್ಕೆ ಬೇರು ಕೆಳಗೆ ಇಳಿಸಿ ತಂಪು ಹುಡುಕುವ ದಾರಿ ಇದೆ, ಕುಂಡದ ಗಿಡ ಎಲ್ಲಿಗೆ ಹೋಗುತ್ತದೆ?

ಹಾಗಾಗಿ ನೀರಿಗಿಂತ ಮೊದಲು ಮಾಡಬೇಕಾದ್ದು ಕುಂಡಗಳ ಜಾಗ ಬದಲಿಸುವುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಸೊಂಟ ನೋವು ಮಾತ್ರ. ನಾನು ಎಲ್ಲವನ್ನೂ ಮೆಟ್ಟಿಲು ಮನೆಯ ಪೂರ್ವದ ಗೋಡೆಗೆ ಒತ್ತರಿಸಿ ಗುಂಪು ಮಾಡಿದೆ. ದೊಡ್ಡ ಕುಂಡ ಹೊರಗೆ, ಸಣ್ಣವು ಒಳಗೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಹಾಗೆ. ತಾರಸಿ ನೆಲಕ್ಕೆ ನೇರ ಇಡಲಿಲ್ಲ. ಇಟ್ಟಿಗೆ ಮೇಲೆ, ಹಳೇ ಮಂಚದ ಹಲಗೆ ಮೇಲೆ ಇಟ್ಟೆ. ಕೆಳಗೆ ಗಾಳಿ ಆಡುತ್ತದೆ, ಸೀಲಿಂಗ್‌ಗೆ ತೇವ ಇಳಿಯುತ್ತದೆ ಅಂತ ಮನೆ ಓನರ್ ಗೊಣಗುವುದೂ ತಪ್ಪುತ್ತದೆ. ಪಶ್ಚಿಮದ ಕಡೆ ಉಳಿದ ಎರಡು ಡ್ರಮ್ಮಿಗೆ ಗೋಣಿಚೀಲ ಸುತ್ತಿ ಕಟ್ಟಿದೆ.

ಆಮೇಲೆ ಮುಚ್ಚಿಗೆ, ಅಂದರೆ ಕುಂಡದ ಮಣ್ಣಿನ ಮೇಲೆ ಒಣ ಎಲೆಯ ಹಾಸು. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ರಸ್ತೆಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ, ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದಿರುತ್ತದೆ. ಉದುರಿದ್ದನ್ನು ಗುಡಿಸಿ ಮೂಟೆ ಕಟ್ಟಿ ಒಯ್ಯುತ್ತಾರೆ, ಕೆಲವು ಕಡೆ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿಯನ್ನೂ ಇಡುತ್ತಾರೆ. ಹೊಟ್ಟೆ ಉರಿಯುತ್ತದೆ. ನಮ್ಮ ರಸ್ತೆ ಗುಡಿಸುವ ಅಕ್ಕನಿಗೆ "ಆ ಮೂಟೆ ನನಗೆ ಕೊಡ್ತೀರಾ" ಅಂತ ಕೇಳಿದಾಗ ಅವರು ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದರು. "ಎಲ್ರೂ ಕಸ ತಂದು ಕೊಡ್ತಾರೆ, ಕೇಳೋರು ನೀವೊಬ್ರೇ ನೋಡಿ" ಅಂದರು. ಅವತ್ತಿಂದ ಪ್ರತಿ ವರ್ಷ ನಾಲ್ಕು ಮೂಟೆ ನಮ್ಮ ಗೇಟಿಗೆ ಬರುತ್ತವೆ. ಒಣ ಎಲೆ ಇಲ್ಲದಿದ್ದರೆ ತೆಂಗಿನಕಾಯಿ ಸಿಪ್ಪೆ, ಕಬ್ಬಿನ ರವದಿ, ಏನೂ ಇಲ್ಲದಿದ್ದರೆ ಹಳೇ ನ್ಯೂಸ್ ಪೇಪರ್ ಆದರೂ ಸರಿ. ಮೂರು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ಮೊದಲು ಮಣ್ಣಿಗೆ ಚೆನ್ನಾಗಿ ನೀರುಣಿಸಿ, ಆಮೇಲೆ ಮುಚ್ಚಿ. ಒಣ ಮಣ್ಣಿನ ಮೇಲೆ ಒಣ ಎಲೆ ಹಾಸಿ ಅದರ ಮೇಲೆ ಎರಡು ಚೊಂಬು ಚಿಮುಕಿಸಿದರೆ ಎಲೆ ಮಾತ್ರ ಒದ್ದೆ ಆಗುತ್ತದೆ, ಬೇರಿಗೆ ಗೊತ್ತೇ ಆಗುವುದಿಲ್ಲ. ಮುಚ್ಚಿಗೆ ಹಾಕಿದ ಮೇಲೆ ನಾನು ದಿನಾ ನೀರು ಹಾಕುತ್ತಿದ್ದ ದೊಡ್ಡ ಕುಂಡಗಳಿಗೆ ಎರಡು ದಿನಕ್ಕೊಮ್ಮೆ ಸಾಕಾಯಿತು. ಒಂದೇ ತಲೆನೋವು, ಅಳಿಲು. ಬೆಳಗ್ಗೆ ಹೋದರೆ ಎಲೆಯನ್ನೆಲ್ಲ ಟೆರೇಸ್ ತುಂಬ ಎಸೆದಿರುತ್ತದೆ, ಏನು ಹುಡುಕುತ್ತದೋ ಅದಕ್ಕೇ ಗೊತ್ತು.

ನೆರಳಿಗೆ ಎಲ್ಲರೂ ಶೇಡ್ ನೆಟ್ ಅನ್ನುತ್ತಾರೆ. ತರಕಾರಿಗಾದರೆ 35 ಅಥವಾ 50 ಪರ್ಸೆಂಟಿನದ್ದು ಸಾಕು, 75ರದ್ದು ತಂದರೆ ಗಿಡ ಸೊಣಕಲಾಗಿ ಬೆಳಕು ಹುಡುಕಿಕೊಂಡು ಉದ್ದ ಬೆಳೆಯುತ್ತದೆ. ನಾನು ಮೊದಲು ಅಮ್ಮನ ಎರಡು ಹಳೇ ಕಾಟನ್ ಸೀರೆ ಕಟ್ಟಿದ್ದೆ, ಚೆನ್ನಾಗಿಯೇ ಇತ್ತು. ಒಂದು ಸಂಜೆ ಮಳೆ ಇಲ್ಲದ ಬರೀ ಗಾಳಿ ಎದ್ದು, ಒಂದು ಸೀರೆ ಹಾರಿ ಎದುರು ಮನೆಯ ಡಿಶ್ ಆಂಟೆನಾಗೆ ಸುತ್ತಿಕೊಂಡಿತು. ಅವರ ಮನೆಯಲ್ಲಿ ಆಗ ಐಪಿಎಲ್ ನಡೆಯುತ್ತಿತ್ತು. ಮುಂದಿನದ್ದು ಬೇಡ ಬಿಡಿ. ಈಗ ನೆಟ್ ಹಾಕಿದ್ದೇನೆ, ನಾಲ್ಕೂ ಮೂಲೆಗೆ ಬಿಗಿಯಾಗಿ.

ಇನ್ನು ನೀರು. ಆ ಮಾರ್ಚ್‌ನಲ್ಲಿ ಗಿಡಕ್ಕೆ, ಗಾಡಿ ತೊಳೆಯುವುದಕ್ಕೆ ಕುಡಿಯುವ ನೀರು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮ ಬೋರ್‌ವೆಲ್ ಫೆಬ್ರವರಿಯಲ್ಲೇ ಗಾಳಿ ಉಗುಳಲು ಶುರು ಮಾಡಿತ್ತು. ಟ್ಯಾಂಕರ್ ದರ ಬಾಯಿಗೆ ಬಂದ ಹಾಗೆ ಏರಿ, ಕೊನೆಗೆ ಜಿಲ್ಲಾಡಳಿತವೇ 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಕಟ್ಟಬೇಕಾಯಿತು. ನಾನು ಆ ಆದೇಶವನ್ನು ಬೈಯುವುದಿಲ್ಲ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತದೆ, ಅದನ್ನು ನನ್ನ ಚೆಂಡು ಹೂವಿಗೆ ಸುರಿಯುವುದು ಸರಿಯೂ ಅಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ನಲ್ಲೇ ಶುದ್ಧೀಕರಿಸಿದ ಕೊಳಚೆ ನೀರು ಬಳಸುತ್ತಾರೆ.

ಅಲ್ಲಿಂದ ನಮ್ಮ ಅಡುಗೆಮನೆಯಲ್ಲಿ ಬಕೆಟ್ ಸಂಸಾರ ಶುರುವಾಯಿತು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಒಂದರಲ್ಲಿ. ಊರಲ್ಲಿ ಇದು ಕಲಗಚ್ಚು ಅಂತ ಹಸುವಿಗೆ ಹೋಗುತ್ತಿತ್ತು, ನಮಗೆ ಹಸು ಇಲ್ಲ, ಕರಿಬೇವು ಇದೆ. ಇದನ್ನು ಅವತ್ತೇ ಹಾಕಿಬಿಡಬೇಕು, ಮಾರನೇ ದಿನಕ್ಕೆ ಇಟ್ಟರೆ ಮನೆಯೊಳಗೆ ಇರಲಾಗದ ನಾತ. ವಾಷಿಂಗ್ ಮೆಷಿನ್‌ನಿಂದ ಕೊನೆಯ ಸಲ ಜಾಲಿಸಿದ ನೀರು ಮಾತ್ರ, ಅದೂ ಸೊಪ್ಪಿಗೆ ಅಲ್ಲ, ದಾಸವಾಳ ಕಣಗಿಲೆಗೆ. ಮೊದಲ ಸೋಪಿನ ನೀರು ಬಾತ್‌ರೂಮ್ ತೊಳೆಯಲಿಕ್ಕೆ.

ಮೂರನೆಯದು ಆರ್‌ಓ ಮೆಷಿನ್ ಹೊರಗೆ ಬಿಡುವ ನೀರು. ಇಲ್ಲಿ ನಾನು ಎರಡನೇ ಸಲ ಎಡವಿದೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ, ನೋಡಲು ತಿಳಿಯಾಗಿದೆ, ಸೋಪಿಲ್ಲ, ಇದಕ್ಕಿಂತ ಒಳ್ಳೇದು ಏನಿದೆ ಅಂತ ನಿಂಬೆ ಗಿಡಕ್ಕೆ ದಿನಾ ಅದನ್ನೇ ಹಾಕಿದೆ. ಮೂರು ವಾರಕ್ಕೆ ಎಲೆಯ ಅಂಚೆಲ್ಲ ಸುಟ್ಟ ಹಾಗೆ ಕಂದಾಯಿತು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತು. ಬಿಸಿಲಿಗೆ ಹೀಗಾಯಿತು ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ ನಾನು, ಬುದ್ಧಿವಂತ! ಅದು ಉಪ್ಪು. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಹೊರಗಿನ ನೀರಿನಲ್ಲೇ ಇರುತ್ತದೆ, ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿ. ಬಿಸಿಲಿಗೆ ನೀರು ಆವಿ ಆಗುತ್ತದೆ, ಉಪ್ಪು ಕುಂಡದಲ್ಲೇ ಕೂರುತ್ತದೆ. ಈಗ ಕಲಗಚ್ಚಿಗೆ ಅರ್ಧಕ್ಕರ್ಧ ಬೆರೆಸಿ, ಒಂದೇ ಗಿಡಕ್ಕೆ ದಿನಾ ಬೀಳದ ಹಾಗೆ ಸರದಿಯಲ್ಲಿ ಹಾಕುತ್ತೇನೆ.

ಹೊತ್ತು ಬೆಳಗ್ಗೆ ಆರರಿಂದ ಏಳೂವರೆ. ಮಧ್ಯಾಹ್ನ ನೀರು ಹಾಕಿದರೆ ಹನಿ ಭೂತಗನ್ನಡಿ ಥರ ಆಗಿ ಎಲೆ ಸುಡುತ್ತದೆ ಅಂತ ವಾಟ್ಸಾಪ್‌ನಲ್ಲಿ ವರ್ಷಾ ವರ್ಷಾ ಓಡಾಡುತ್ತದೆ. ಹಂಗೇರಿಯ ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಬರೆದರು: ನುಣುಪು ಎಲೆ ಮೇಲೆ ಕೂತ ಹನಿಯಿಂದ ಎಲೆ ಸುಡುವುದಿಲ್ಲ, ಸಣ್ಣ ರೋಮಗಳ ಮೇಲೆ ಎತ್ತಿ ನಿಂತ ಹನಿಯಿಂದ ಮಾತ್ರ ಸುಡಬಹುದು. ಮಧ್ಯಾಹ್ನ ಬೇಡ ಅನ್ನುವುದಕ್ಕೆ ಕಾರಣ ಬೇರೆ, ಒಂದಷ್ಟು ನೀರು ಗಾಳಿಗೆ ಹೋಗುತ್ತದೆ. ಇನ್ನೊಂದು, ಬಿಸಿಲಲ್ಲಿ ಬಿದ್ದಿರುವ ಪೈಪಿನ ಮೊದಲ ನೀರು. ಕೈಗೆ ಹಿಡಿದು ನೋಡಿ, ಕಾಫಿ ಕಲಸಬಹುದು. ಮೇಲಿನ ಕಪ್ಪು ಟ್ಯಾಂಕಿನ ನೀರೂ ಸಂಜೆ ಏಳರವರೆಗೆ ಬಿಸಿಯೇ. ಹಾಗಾಗಿ ರಾತ್ರಿ ಬಕೆಟ್‌ಗೆ ಹಿಡಿದಿಟ್ಟು ಬೆಳಗ್ಗೆ ಚೊಂಬಿನಲ್ಲಿ ಬುಡಕ್ಕೆ ಹಾಕುತ್ತೇನೆ, ಎಲೆಗಲ್ಲ.

ಕುಂಡ ತೀರಾ ಒಣಗಿದರೆ ಮಣ್ಣು ಕುಗ್ಗಿ ಅಂಚು ಬಿಡುತ್ತದೆ. ಆಗ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಸರ್ ಅಂತ ಇಳಿದು ಕೆಳಗಿನ ತೂತಿನಿಂದ ಹೊರಗೆ. ನೋಡುವವರಿಗೆ ನೀರು ಜಾಸ್ತಿ ಆಯಿತು ಅನ್ನಿಸುತ್ತದೆ, ಒಳಗೆ ಒಂದು ಮುಷ್ಟಿ ಮಣ್ಣೂ ನೆನೆದಿರುವುದಿಲ್ಲ. ಸಣ್ಣ ಕುಂಡವಾದರೆ ಟಬ್ಬಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ದೊಡ್ಡದಾದರೆ ಮೇಲ್ಮಣ್ಣು ಕೆದಕಿ ಸಂದಿ ಮುಚ್ಚಿ, ಒಂದು ಚೊಂಬು ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚೊಂಬು ಹಾಕಿ.

ಡ್ರಮ್ಮಿಗೆ ಬೇರೆ ಉಪಾಯ. ಪಾಟರಿ ಟೌನ್‌ನಿಂದ ಬಣ್ಣ ಬಳಿಯದ ಮಣ್ಣಿನ ಕುಡಿಕೆ ತಂದು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ಚಿಪ್ಪು ಮುಚ್ಚಿದೆ. ನೀರು ಒಸರಿ ಒಸರಿ ಬೇರಿಗೆ ಸಿಗುತ್ತದೆ, ಮೇಲೆ ಬಿಸಿಲಿಗೆ ಆವಿ ಆಗುವುದಿಲ್ಲ. ಅತ್ತೆ ಊರಲ್ಲಿ ಎಳೇ ತೆಂಗಿನ ಸಸಿಗೆ ಹೀಗೇ ಮಡಕೆ ಹೂಳುತ್ತಿದ್ದರಂತೆ. ಊರಿಗೆ ಮದುವೆಗೆ ಅಂತ ಮೂರು ದಿನ ಹೋಗಿ ಬಂದಾಗಲೂ ಆ ಡ್ರಮ್ಮಿನ ಗಿಡಗಳು ಬೆಳಗ್ಗೆ ನೆಟ್ಟಗೆ ನಿಂತಿದ್ದವು.

ಇಷ್ಟೆಲ್ಲ ಮಾಡಿದರೂ ದಿನಕ್ಕೆ ಸಿಗುತ್ತಿದ್ದದ್ದು ಮೂರೂವರೆ ಬಕೆಟ್. ನಲವತ್ತಕ್ಕೂ ಸಾಲದು. ಯಾವುದನ್ನು ಬಿಡುವುದು ಅಂತ ತೀರ್ಮಾನ ಮಾಡಲೇಬೇಕಾಯಿತು, ಕಷ್ಟದ ಕೆಲಸ ಅದೇ. ನಾಲ್ಕು ವರ್ಷದ ಕರಿಬೇವು, ನಿಂಬೆ, ಮಲ್ಲಿಗೆಗೆ ಮೊದಲ ಸಾಲು. ಹೋದರೆ ಮತ್ತೆ ನಾಲ್ಕು ವರ್ಷ ಬೇಕು. ಕಾಯಿ ಕೊಡುತ್ತಿದ್ದ ಬೆಂಡೆ, ಅಲಸಂದೆಗೆ ಎರಡನೆಯದು. ಇವು ಬಿಸಿಲಿನ ಮಕ್ಕಳು, ಸ್ವಲ್ಪ ನೀರಲ್ಲೂ ನಗುತ್ತವೆ, ದಂಟಿನ ಸೊಪ್ಪೂ ಹಾಗೇ. ಕೊತ್ತಂಬರಿ, ಪಾಲಕ್, ಚೆಂಡು ಹೂ ಬಿಟ್ಟೆ. ಕೊತ್ತಂಬರಿ ಹೇಗೂ ಈ ಬಿಸಿಲಿಗೆ ಒಂದು ಗೇಣು ಬರುವ ಮೊದಲೇ ಹೂ ಬಿಟ್ಟು ಕೂರುತ್ತದೆ. ಟೊಮೆಟೊ ಬಗ್ಗೆ ಮನಸ್ಸು ಎಳೆಯುತ್ತಿತ್ತು, ಆದರೆ ಹೂವೆಲ್ಲ ಉದುರುತ್ತಿದ್ದವು. 35 ಡಿಗ್ರಿ ದಾಟಿ, ರಾತ್ರಿಯೂ ತಣಿಯದಿದ್ದರೆ ಅದರ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಯಾವ ಟಾನಿಕ್ ಹಾಕಿದರೂ ಅಷ್ಟೇ, ಕಾಯಬೇಕು.

ಮಲ್ಲಿಗೆ ಮಾತ್ರ ನೋಡಬೇಕಿತ್ತು. ಬೇರೆ ಎಲ್ಲವೂ ಬಾಯಿ ಬಿಡುತ್ತಿದ್ದಾಗ ಅದಕ್ಕೆ ಹಬ್ಬ. ಏಪ್ರಿಲ್ 23, ಕರಗದ ದಿನ ಬೆಳಗ್ಗೆ ಒಂದು ಬಟ್ಟಲು ತುಂಬ ಮೊಗ್ಗು ಸಿಕ್ಕಿತು. ಅವತ್ತು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮುಟ್ಟಲಾಗದ ರೇಟು. ನನ್ನ ಹೆಂಡತಿ ಬಕೆಟ್‌ಗಳ ಬಗ್ಗೆ ಆಮೇಲೆ ಒಂದು ವಾರ ಏನೂ ಅನ್ನಲಿಲ್ಲ.

ಬಿಸಿಲಲ್ಲಿ ಮಾಡಬಾರದ ಕೆಲಸಗಳನ್ನೂ ಹೇಳಿಬಿಡುತ್ತೇನೆ, ಎಲ್ಲವನ್ನೂ ನಾನು ಮಾಡಿ ನೋಡಿದ್ದೇನೆ. ಗೊಬ್ಬರ ಹಾಕಬೇಡಿ. ಗಿಡ ಉಸಿರು ಹಿಡಿದು ಕೂತಿರುವಾಗ ಗೊಬ್ಬರ ಹಾಕಿದರೆ, ರಾಸಾಯನಿಕದ್ದಾದರೆ ಇನ್ನೂ, ಬೇರು ಸುಡುತ್ತದೆ, ಇಲ್ಲದಿದ್ದರೆ ಮೆತ್ತನೆ ಚಿಗುರು ಬಂದು ಒಂದೇ ಮಧ್ಯಾಹ್ನಕ್ಕೆ ಕರಕಲಾಗುತ್ತದೆ. ಒಣಗಿದ ಎಲೆ ಕಂಡರೆ ಕತ್ತರಿ ತೆಗೆಯಬೇಡಿ, ಅದೇ ಒಳಗಿನ ರೆಂಬೆಗೆ ನೆರಳು. ಕುಂಡ ಬದಲಿಸಬೇಡಿ. ನರ್ಸರಿಗೆ ಹೋಗಲೇಬೇಡಿ, ಅಲ್ಲಿ ನೆಟ್ ಕೆಳಗೆ ನಗುತ್ತಿರುವ ಗುಲಾಬಿ ನಿಮ್ಮ ಟೆರೇಸಿನಲ್ಲಿ ಮೂರು ದಿನ ನಗುತ್ತದೆ. ಮೆಣಸಿನ ಗಿಡಕ್ಕೆ ಮುಟುರು ಬಂತು, ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳುವಿನ ಕಾಟ ಅಂತ ಬೆಳಗ್ಗೆ ಹತ್ತಕ್ಕೆ ಬೇವಿನೆಣ್ಣೆ ಸಿಂಪಡಿಸಿದೆ, ಸಂಜೆಗೆ ಎಲೆ ಹಪ್ಪಳ. ಬೇವಿನೆಣ್ಣೆ ಹೊತ್ತು ಮುಳುಗಿದ ಮೇಲೆ ಮಾತ್ರ. ನುಸಿ ಇದ್ದರೆ ಬೆಳಗ್ಗೆ ಬೇಗ ಎಲೆಯ ಅಡಿಗೆ ನೀರು ಚಿಮ್ಮಿಸಿದರೂ ಅರ್ಧ ಹೋಗುತ್ತದೆ, ಅದಕ್ಕೆ ಒಣ ಹವೆಯೇ ಇಷ್ಟ.

ನಿಮ್ಮನ್ನೂ ನೋಡಿಕೊಳ್ಳಿ. ಒಂದು ಭಾನುವಾರ ಹನ್ನೊಂದಕ್ಕೆ ಬರೀ ತಲೆಯಲ್ಲಿ ಡ್ರಮ್ ಜರುಗಿಸಲು ಹೋಗಿ ಕಣ್ಣು ಕತ್ತಲೆ ಬಂದು ಅಲ್ಲೇ ಕೂತೆ. ಕೂತ ನೆಲವೂ ಕಾದ ಹೆಂಚು. ಮಗಳು ಉಪ್ಪು ಹಾಕಿದ ನಿಂಬೆ ಪಾನಕ ತಂದುಕೊಟ್ಟು "ಅಪ್ಪ, ನೀನೂ ಬಾಡಿದ್ಯಾ?" ಅಂದಳು.

ಮೇ ಮೊದಲ ವಾರ ಮಳೆ ಬಂತು. ಅಶ್ವಿನಿ ಪೂರ್ತಿ ಕೈಕೊಟ್ಟಿತ್ತು, ಬಂದದ್ದು ಭರಣಿ. ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ. ನಾನು ಟೆರೇಸಿನಲ್ಲಿ ನೆನೆಯುತ್ತ ಒಂದೊಂದೇ ಕುಂಡದ ಮುಚ್ಚಿಗೆ ಸರಿಸಿ, ನಿಂಬೆ ಗಿಡವನ್ನು ನಡುವಿಗೆ ಎಳೆದು ನೀರು ಧಾರಾಳವಾಗಿ ಕೆಳಗಿನಿಂದ ಹರಿದುಹೋಗಲು ಬಿಟ್ಟೆ. ಆ ಉಪ್ಪನ್ನು ತೊಳೆಯಲು ಮಳೆ ನೀರಿಗಿಂತ ಬೇರೆ ಇಲ್ಲ. ಜೂನ್‌ಗೆ ಅದು ಚಿಗುರಿತು. ಹದಿಮೂರು ಕುಂಡ ಖಾಲಿ ಆಗಿದ್ದವು.

ಮಳೆ ಬಂದ ದಿನ ರಾತ್ರಿಯೇ ಅತ್ತೆಗೆ ಫೋನ್ ಮಾಡಿದ್ದೆ, ಮಳೆ ಬಂತು ಅತ್ತೆ, ನಿಂಬೆ ಉಳೀತು ಅಂತ ಹೇಳಲಿಕ್ಕೆ. "ಒಳ್ಳೇದಾಯ್ತು ಕಣೋ," ಅಂದರು. "ಇಲ್ಲಿ ಇನ್ನೂ ಇಲ್ಲ. ತೆಂಗಿನ ಗರಿ ಎಲ್ಲಾ ಜೋತು ಬಿದ್ದೈತೆ. ಎಳೇ ಕಾಯಿ ಉದುರ್ತಾ ಐತೆ."

ಬೆಳಗ್ಗೆ ಹೇಗಿರುತ್ತೆ ಅಂತ ಕೇಳಿದೆ.

"ಬೆಳಗ್ಗೆನೂ ಹಂಗೇ ಐತೆ," ಅಂದರು. ತೆಂಗಿಗೆ ಈ ವರ್ಷದ ಪೆಟ್ಟು ಮುಂದಿನ ವರ್ಷ, ಅದರ ಮುಂದಿನ ವರ್ಷವೂ ಕಾಣುತ್ತದೆ. ನನ್ನ ಕುಂಡಗಳ ಮಾತು ಅಲ್ಲಿಗೇ ನಿಲ್ಲಿಸಿದೆ.